ಘಟ್ಟದ ಮೇಲಿನವರ ಹಡಗಿನ ಪ್ರಶ್ನೆಗಳು

ಹಡಗಿನ ಕೆಲಸದ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ ಎಂದು ಸಂಪಾದಕರು ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಹಾಕಿದ್ದರು. ಹಾಸನ, ಚಿಕ್ಕಮಗಳೂರು ಕಡೆಯಿಂದ ಯಾರು ಬರೆಯುತ್ತಾರೆ, ನಮಗೂ ಸಮುದ್ರಕ್ಕೂ ನಡುವೆ ಇಡೀ ಶಿರಾಡಿ ಘಾಟಿಯೇ ಮಲಗಿದೆಯಲ್ಲ ಎಂದುಕೊಂಡಿದ್ದೆ. ಒಂದು ಕಟ್ಟು ಪತ್ರ ಬಂದಿದೆ. ಅರ್ಧಕ್ಕರ್ಧ ಜನ ಕೇಳಿರುವುದು ಒಂದೇ ವಿಷಯ: ಹಡಗಿನವರ ಗುರುತಿನ ಕಾರ್ಡು. ಹಾಗಾಗಿ ಈ ಸಲ ಬರೀ ಅದೇ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯವನು. 1991ರಲ್ಲಿ ಓಎಸ್, ಅಂದರೆ ಡೆಕ್ಕಿನ ಕೆಳಗಿನ ದರ್ಜೆಯ ಕೆಲಸಗಾರನಾಗಿ ಹಡಗು ಹತ್ತಿದೆ, 2022ರಲ್ಲಿ ಬೋಸನ್ ಆಗಿ ಇಳಿದೆ. ತೋಟದಲ್ಲಿ ಆಳುಗಳ ಮೇಲೆ ಮೇಸ್ತ್ರಿ ಇರುತ್ತಾನಲ್ಲ, ಹಡಗಿನ ಡೆಕ್ಕಿನ ಮೇಲೆ ಬೋಸನ್ ಹಾಗೆ. ಈಗ ಎರಡು ಎಕರೆ ಕಾಫಿ, ಅದರ ಮೇಲೆ ಹಬ್ಬಿದ ಮೆಣಸು, ಜೊತೆಗೆ ಈ ಅಂಕಣ.

ಪ್ರ: ನನ್ನ ಮಗ ಹಡಗಿನ ಕೆಲಸಗಾರರಿಗೆ ಇರುವ ಜಿಪಿ ರೇಟಿಂಗ್ ಕೋರ್ಸ್ ಮುಗಿಸಿದ್ದಾನೆ. ಪಾಸ್‌ಪೋರ್ಟ್ ಇದೆ, ಸಿಡಿಸಿ ಅಂತ ಸೀಮನ್ ಬುಕ್ಕೂ ಬಂದಿದೆ. ಈಗ ಬಿಎಸ್‌ಐಡಿ ಅಂತ ಇನ್ನೊಂದು ಬಯೋಮೆಟ್ರಿಕ್ ಗುರುತಿನ ಕಾರ್ಡು ಮಾಡಿಸಬೇಕು ಅಂತಿದ್ದಾನೆ. ಒಬ್ಬ ಮನುಷ್ಯನಿಗೆ ಎಷ್ಟು ಗುರುತು ಬೇಕು ಸ್ವಾಮಿ? ಆಧಾರ್ ಸಾಲದೇ?
— ಒಬ್ಬ ತಂದೆ, ಸಕಲೇಶಪುರ

ಉ: ಆಧಾರ್ ನಮ್ಮ ದೇಶದೊಳಗೆ. ಬ್ರೆಜಿಲ್ಲಿನ ಬಂದರಿನ ಗೇಟಿನಲ್ಲಿ ನಿಂತ ಕಾವಲುಗಾರನಿಗೆ ಅದು ಒಂದು ಬಣ್ಣದ ಕಾಗದ, ಅಷ್ಟೆ.

ನಿಮ್ಮ ಮಗನ ಹತ್ತಿರ ಇರುವುದು ಯಾವುದು ಏನು ಹೇಳುತ್ತದೆ ಅಂತ ಮೊದಲು ಬಿಡಿಸಿ ನೋಡೋಣ. ಪಾಸ್‌ಪೋರ್ಟ್ ಅವನು ಯಾವ ದೇಶದವನು ಎಂದು ಹೇಳುತ್ತದೆ. ಕೋರ್ಸಿಗೆ ಸೇರುವಾಗ ಇಂಡೋಸ್ ನಂಬರ್ ಅಂತ ಒಂದು ಕೊಟ್ಟಿರುತ್ತಾರೆ. ಅದು ಮುಂಬಯಿಯ ಡಿಜಿ ಶಿಪ್ಪಿಂಗ್, ಅಂದರೆ ಹಡಗಿನ ವ್ಯವಹಾರ ನೋಡುವ ಕೇಂದ್ರ ಸರ್ಕಾರದ ಕಚೇರಿಯ ಲೆಕ್ಕದಲ್ಲಿ ಅವನ ನಂಬರು. ಇನ್ನು ಸಿಡಿಸಿ ಅವನ ಜಾತಕ. ಯಾವ ಹಡಗು, ಯಾವತ್ತು ಸೈನ್ ಆನ್ ಆಗಿ ಹತ್ತಿದ, ಯಾವತ್ತು ಸೈನ್ ಆಫ್ ಆಗಿ ಇಳಿದ ಎಂದು ಬರೆದು ಪಕ್ಕದಲ್ಲಿ ಮಾಸ್ಟರ್, ಅಂದರೆ ಕ್ಯಾಪ್ಟನ್ ಸಹಿ, ಹಡಗಿನ ಸೀಲು. ನನ್ನದು ಮೂರು ಪುಸ್ತಕ ತುಂಬಿದೆ. ಮುಂದೆ ಏಬಿ, ಅಂದರೆ ಓಎಸ್‌ಗಿಂತ ಮೇಲಿನ ದರ್ಜೆಯ ಪರೀಕ್ಷೆಗೋ ಬಡ್ತಿಗೋ ಹೋದರೆ ಅದರ ಹಾಳೆಗಳನ್ನೇ ಎಣಿಸುತ್ತಾರೆ. ಮೊದಲೆಲ್ಲ ಗುರುತಿನ ಚೀಟಿಯ ಕೆಲಸವನ್ನೂ ಆ ಪುಸ್ತಕವೇ ಮಾಡುತ್ತಿತ್ತು.

ಆದರೆ ಅದು ಕೈಯಲ್ಲಿ ಬರೆಯುವ ಪುಸ್ತಕ. ಅದು ಅಸಲಿಯೋ ನಕಲಿಯೋ ಎಂದು ದೂರದ ದೇಶದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಯಾವುದೋ ಸಣ್ಣ ದೇಶದ ಹೆಸರಿನಲ್ಲಿ ಕಳ್ಳ ಸೀಮನ್ ಬುಕ್ ಮಾಡಿಕೊಟ್ಟು ಹುಡುಗರ ದುಡ್ಡು ನುಂಗಿದ ದಲ್ಲಾಳಿಗಳನ್ನು ನಾನು ಮುಂಬಯಿಯಲ್ಲಿ ಕಣ್ಣಾರೆ ನೋಡಿದ್ದೇನೆ.

ಹಡಗಿನವರಿಗೆ ಬೇರೆಯೇ ಗುರುತಿನ ಚೀಟಿ ಬೇಕು ಎಂಬ ಮಾತು ಹಳೆಯದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ, 1958ರಲ್ಲೇ ಅದಕ್ಕೊಂದು ಒಪ್ಪಂದ ಮಾಡಿತ್ತು. ಅದರ ನಂಬರು 108. ಆಮೇಲೆ 2001ರ ಸೆಪ್ಟೆಂಬರ್ 11 ಬಂತು. ವಿಮಾನ ನಡೆಸಿದವರು ಯಾರೋ, ಬಾಗಿಲು ಮುಚ್ಚಿದ್ದು ಹಡಗಿನವರಿಗೂ. ಪ್ರತಿ ಬಂದರಿನಲ್ಲೂ ನಮ್ಮನ್ನು ಅನುಮಾನದಿಂದ ನೋಡುವುದು ಶುರುವಾಯಿತು. ಆಗ ಜಿನೀವಾದಲ್ಲಿ ಕೂತು 2003ರ ಜೂನ್‌ನಲ್ಲಿ 185ನೇ ನಂಬರಿನ ಹೊಸ ಒಪ್ಪಂದ ಮಾಡಿದರು. 2005ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಅದರ ಒಳಗಿನ ಲೆಕ್ಕಾಚಾರ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ನಾವು ಯಂತ್ರ ಓದುವಂಥ, ನಕಲು ಮಾಡಲಾಗದ ಕಾರ್ಡು ಹಿಡಿದು ಬರುತ್ತೇವೆ. ನೀವು ನಮ್ಮನ್ನು ವೀಸಾ ಕೇಳದೆ ಒಂದಷ್ಟು ಹೊತ್ತು ದಡಕ್ಕೆ ಬಿಡಿ.

ಭಾರತ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2015ರ ಅಕ್ಟೋಬರ್‌ನಲ್ಲಿ. ಮಾರನೇ ವರ್ಷ ನಮ್ಮ ನಿಯಮಗಳು ಬಂದವು. 2019ರ ನವೆಂಬರ್‌ನಲ್ಲಿ ಆಗಿನ ಹಡಗು ಖಾತೆ ಮಂತ್ರಿ ಮನ್ಸುಖ್ ಮಾಂಡವೀಯ ದೆಹಲಿಯಲ್ಲಿ ಈ ಬಿಎಸ್‌ಐಡಿ ಕಾರ್ಡು ಬಿಡುಗಡೆ ಮಾಡಿದರು. ಮುಖದ ಗುರುತು ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿರುವ ಇಂಥ ಕಾರ್ಡು ಕೊಟ್ಟ ಮೊದಲ ದೇಶ ನಮ್ಮದೇ. ಆಗ ಸುಮಾರು ಮೂರೂವರೆ ಲಕ್ಷ ಜನರಿಗೆ ಕೊಡಬೇಕಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ಸಿಡಿಸಿ ಇರುವ ಭಾರತೀಯ ಯಾರೇ ಆದರೂ ಅರ್ಜಿ ಹಾಕಬಹುದು.

ಅರ್ಜಿ ಆನ್‌ಲೈನ್‌ನಲ್ಲಿ. ಆಮೇಲೆ ಕೇಂದ್ರಕ್ಕೆ ನಾವೇ ಹೋಗಬೇಕು, ಮುಖವನ್ನು ಅಂಚೆಯಲ್ಲಿ ಕಳಿಸೋಕೆ ಆಗಲ್ವಲ್ಲ. ಶುರುವಿನಲ್ಲಿ ದೇಶಕ್ಕೆಲ್ಲ ಒಂಬತ್ತು ಕೇಂದ್ರ ಮಾಡಿದರು: ಮುಂಬಯಿ, ಕೋಲ್ಕತ್ತ, ಚೆನ್ನೈ, ನೋಯ್ಡಾ, ಗೋವಾ, ಕೊಚ್ಚಿ, ವಿಶಾಖಪಟ್ಟಣ, ಕಾಂಡ್ಲಾ, ಮತ್ತೆ ನಮ್ಮ ಪುಣ್ಯಕ್ಕೆ ನವ ಮಂಗಳೂರು. ನಾನು ನನ್ನದನ್ನು ಮಾಡಿಸಿದ್ದು 2021ರಲ್ಲಿ ಅಲ್ಲೇ. ಬೆಳಗಿನ ಜಾವ ಮನೆ ಬಿಟ್ಟು, ಸಕಲೇಶಪುರದಲ್ಲಿ ಬಸ್ ಹತ್ತಿ, ಆ ಬಂದರು ಇರುವ ಪಣಂಬೂರು ಮುಟ್ಟಿದಾಗ ಬಿಸಿಲೇರಿತ್ತು. ಕ್ಯಾಮೆರಾ ಮುಂದೆ ಸ್ಟೂಲು. ಹುಡುಗಿಯೊಬ್ಬಳು ಕನ್ನಡಕ ತೆಗೀರಿ ಅಂದಳು, ತೆಗೆದೆ. ಗಲ್ಲ ಸ್ವಲ್ಪ ಕೆಳಗೆ ಅಂದಳು. ನಗಬೇಡಿ ಅಂಕಲ್ ಅಂದಳು. ನಾನು ನಗುತ್ತಿರಲಿಲ್ಲ, ನನ್ನ ಮುಖ ಇರುವುದೇ ಹಾಗೆ. ಮೂರು ಸಲ ತೆಗೆದ ಮೇಲೆ ಕಂಪ್ಯೂಟರ್ ಒಪ್ಪಿಕೊಂಡಿತು. ಕಾಯುವುದು ಬಿಟ್ಟರೆ ಕೆಲಸ ಹತ್ತು ನಿಮಿಷದ್ದು.

ಮಾಡಿಸಿ ಕೊಡಿ. ಮಳೆಗಾಲದಲ್ಲಿ ಮಾತ್ರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ. ಶಿರಾಡಿಯಲ್ಲಿ ಗುಡ್ಡ ಜಾರಿದರೆ ಕಂಪ್ಯೂಟರ್‌ಗೆ ಅದೆಲ್ಲ ಅರ್ಥವಾಗುವುದಿಲ್ಲ.

ಪ್ರ: ನನ್ನ ಮಗನಿಗೆ ಹಡಗಿನಲ್ಲಿ ಕೆಲಸ ಕೊಡಿಸುತ್ತೇನೆ ಎಂದ ಏಜೆಂಟರು ಪಾಸ್‌ಪೋರ್ಟ್, ಸಿಡಿಸಿ, ಆ ಹೊಸ ಕಾರ್ಡು ಎಲ್ಲ ಒರಿಜಿನಲ್ ಕೊಡಿ, ನಮ್ಮ ಆಫೀಸಿನಲ್ಲೇ ಇರಲಿ ಅಂದಿದ್ದಾರೆ. ಜೊತೆಗೆ ವೀಸಾ ಖರ್ಚು, ಸರ್ವಿಸ್ ಚಾರ್ಜ್ ಅಂತ ದುಡ್ಡೂ ಕೇಳುತ್ತಿದ್ದಾರೆ. ಕೊಡದಿದ್ದರೆ ಕೆಲಸ ತಪ್ಪಿ ಹೋಗುತ್ತದೋ ಅಂತ ಭಯ.
— ಒಬ್ಬ ತಾಯಿ, ಆಲೂರು

ಉ: ಅಮ್ಮಾ, ಕೊಡಬೇಡಿ. ಮೊದಲು ಇಷ್ಟು ಹೇಳಿ ಆಮೇಲೆ ಕಾರಣ ಹೇಳುತ್ತೇನೆ.

185ನೇ ಒಪ್ಪಂದದ 7ನೇ ಕಲಮು ಬಹಳ ಚಿಕ್ಕದು. ಗುರುತಿನ ಕಾರ್ಡು ಯಾವಾಗಲೂ ಹಡಗಿನ ಕೆಲಸಗಾರನ ಹತ್ತಿರವೇ ಇರಬೇಕು. ಜೋಪಾನಕ್ಕೆಂದು ಹಡಗಿನ ಮಾಸ್ಟರ್ ಇಟ್ಟುಕೊಳ್ಳಬಹುದು, ಅದೂ ಕೆಲಸಗಾರ ಬರೆದು ಒಪ್ಪಿಗೆ ಕೊಟ್ಟರೆ ಮಾತ್ರ. ಕ್ಯಾಪ್ಟನ್ ಹೆಸರಿದೆ. ಏಜೆಂಟರ ಹೆಸರು ಎಲ್ಲೂ ಇಲ್ಲ. ಪಾಸ್‌ಪೋರ್ಟ್ ಅಂತೂ ನಿಮ್ಮ ಮಗನದ್ದೂ ಅಲ್ಲ, ಏಜೆಂಟರದ್ದೂ ಅಲ್ಲ. ಕಾನೂನಿನ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ವೀಸಾ ಹಾಕಿಸುವುದಕ್ಕೆ, ಸೈನ್ ಆನ್ ಕಾಗದಕ್ಕೆ ಅಂತ ನಾಲ್ಕು ದಿನದ ಮಟ್ಟಿಗೆ ಒರಿಜಿನಲ್ ಕೇಳುವುದು ಬೇರೆ. ಆಗಲೂ ರಸೀದಿ ಬರೆಸಿಕೊಳ್ಳಬೇಕು. ಸುಮ್ನೆ ಆಫೀಸಿನಲ್ಲಿ ಇರಲಿ ಅನ್ನುವುದು ಬೇರೆ.

ಇದು ನನ್ನ ಅನುಭವದ ಮಾತು. ನನ್ನ ಎರಡನೇ ಕಾಂಟ್ರಾಕ್ಟ್ ಮುಗಿದ ಮೇಲೆ ಮುಂಬಯಿಯ ಒಬ್ಬ ಏಜೆಂಟ್ ನನ್ನ ಸಿಡಿಸಿ ಇಟ್ಟುಕೊಂಡ. ಹೆಸರು ಬೇಡ, ಆತ ಈಗ ಆ ವ್ಯವಹಾರದಲ್ಲೂ ಇಲ್ಲ. ಮುಂದಿನ ಹಡಗು ಬರಲಿ, ಅಲ್ಲಿವರೆಗೂ ಸೇಫಾಗಿರುತ್ತೆ ಅಂದ. ನಾನು ಊರಿಗೆ ಬಂದೆ. ಒಂದು ತಿಂಗಳಾಯಿತು, ಎರಡಾಯಿತು. ಹೆತ್ತೂರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ ನಾಳೆ, ನಾಡಿದ್ದು. ಈ ನಡುವೆ ಬೇರೆ ಕಂಪನಿಯಲ್ಲಿದ್ದ ನನ್ನ ಸ್ನೇಹಿತ ಒಳ್ಳೆಯ ಹಡಗಿದೆ, ಶುಕ್ರವಾರ ಬಂದುಬಿಡು ಅಂದ. ಹೋಗಬೇಕಾದರೆ ಸಿಡಿಸಿ ಬೇಕು. ಏಜೆಂಟ್ ಕೊಡಲಿಲ್ಲ. ಅವನ ಹತ್ತಿರ ಹಡಗೇ ಇರಲಿಲ್ಲ, ಆದರೆ ನಾನು ಬೇರೆ ಕಡೆ ಹೋಗಬಾರದು, ಅಷ್ಟೆ. ಕಟ್ಟಿ ಹಾಕಿದ ಹಸು ಆದೆ. ಐದು ತಿಂಗಳ ಮೇಲೆ ಅಪ್ಪ ಮೆಣಸು ಮಾರಿದ ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದೆವು. ಆ ವರ್ಷ ಮೆಣಸಿಗೆ ಬೆಲೆಯೂ ಇರಲಿಲ್ಲ.

ದುಡ್ಡಿನ ವಿಷಯ. ಹಡಗಿನವರಿಗೆ ಕೆಲಸ ಕೊಡಿಸುವ ಕಂಪನಿಗೆ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಲೇಬೇಕು. ಇದೆಯೋ ಇಲ್ಲವೋ ಎಂದು ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಬಹುದು. ಲೈಸೆನ್ಸ್ ಇದ್ದವರೂ ಕೆಲಸ ಕೊಡಿಸಿದ್ದಕ್ಕೆ ಅಂತ ಹುಡುಗನಿಂದ ಕಾಸು ತೆಗೆದುಕೊಳ್ಳುವ ಹಾಗಿಲ್ಲ. 2006ರ ಮೆರಿಟೈಮ್ ಲೇಬರ್ ಒಪ್ಪಂದ, ಎಂಎಲ್‌ಸಿ ಅಂತೀವಲ್ಲ, ಅದರಲ್ಲಿ ಕೆಲಸಗಾರ ತನ್ನ ಕೈಯಿಂದ ಹಾಕಬೇಕಾದ್ದು ಯಾವುದು ಎಂದು ಬರೆದಿದೆ. ಮೆಡಿಕಲ್ ಸರ್ಟಿಫಿಕೇಟಿನ ಖರ್ಚು, ಸೀಮನ್ ಬುಕ್ಕಿನ ಖರ್ಚು, ಪಾಸ್‌ಪೋರ್ಟಿನಂಥ ಪ್ರಯಾಣದ ಕಾಗದದ ಖರ್ಚು. ವೀಸಾ ಖರ್ಚು ಹಡಗಿನ ಮಾಲೀಕನದ್ದು, ಅದನ್ನೂ ಬಿಡಿಸಿ ಬರೆದಿದ್ದಾರೆ. ಈ ಒಪ್ಪಂದಕ್ಕೂ ಭಾರತ 2015ರಲ್ಲೇ ಸಹಿ ಹಾಕಿದೆ. ಹಾಗಾಗಿ ವೀಸಾ ಖರ್ಚು ಕೊಡಿ ಅಂದವನಿಗೆ ಎಂಎಲ್‌ಸಿ ಏನು ಹೇಳುತ್ತೆ ಸ್ವಾಮಿ ಅಂತ ನಿಮ್ಮ ಮಗ ಒಂದು ಸಲ ಕೇಳಲಿ. ಮುಖದ ಬಣ್ಣ ನೋಡಿದರೆ ಗೊತ್ತಾಗಿಬಿಡುತ್ತದೆ.

ಕೆಲಸ ತಪ್ಪಿಹೋದರೆ? ಒರಿಜಿನಲ್ ಅಡವಿಟ್ಟು ಸಿಗುವ ಹಡಗು ತಪ್ಪಿಹೋಗಲಿ, ತಾಯಿ.

ಪ್ರ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿದ್ದಾರೆ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಹಡಗಿನ ಕಾರ್ಡಿಗೆ ಯಾವ ಹೆಸರು ಹಾಕಬೇಕು?
— ವಿದ್ಯಾರ್ಥಿ, ಅರಸೀಕೆರೆ

ಉ: ನಮ್ಮ ಕಡೆ ಹುಡುಗರ ದೊಡ್ಡ ತಲೆನೋವು ಇದೇ. ಕರಾವಳಿಯವರಿಗೆ ಶೆಟ್ಟಿ, ಪೂಜಾರಿ, ಡಿಸೋಜ ಅಂತ ಸರ್‌ನೇಮ್ ಇರುತ್ತದೆ. ನಮಗೆ ಊರಿನ ಅಕ್ಷರ ಒಂದು, ಅಪ್ಪನ ಅಕ್ಷರ ಒಂದು. ಎಚ್.ಕೆ. ರಂಗಸ್ವಾಮಿ ಎಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಪಾಸ್‌ಪೋರ್ಟ್ ಫಾರಂ ಮಾತ್ರ ಸರ್‌ನೇಮ್ ಎಲ್ಲಿ ಅಂತ ಕೇಳುತ್ತದೆ. ಒಬ್ಬರು ಹಾರನಹಳ್ಳಿ ಅಂತ ಬರೆಯುತ್ತಾರೆ. ಇನ್ನೊಬ್ಬರು ಕೆಂಪೇಗೌಡ ಅಂತ ಅಪ್ಪನ ಹೆಸರು ಬರೆಯುತ್ತಾರೆ. ಮೂರನೆಯವರು ಖಾಲಿ ಬಿಡುತ್ತಾರೆ.

ನನ್ನದು ಕೇಳಿ. 1990ರಲ್ಲಿ ಅರ್ಜಿ ತುಂಬಿಕೊಟ್ಟ ಪುಣ್ಯಾತ್ಮ ಸರ್‌ನೇಮ್ ಜಾಗದಲ್ಲಿ ಊರ ಹೆಸರು ಹಾಕಿಬಿಟ್ಟ. ಅಲ್ಲಿಂದ ಎಲ್ಲ ಹಡಗಿನಲ್ಲೂ ನಾನು ಮಿಸ್ಟರ್ ಹೆತ್ತೂರ್. ಕ್ರೂ ಲಿಸ್ಟಿನಲ್ಲಿ ಹೆತ್ತೂರ್, ಕ್ಯಾಬಿನ್ ಬಾಗಿಲ ಮೇಲೆ ಹೆತ್ತೂರ್, ಬಾಯ್ಲರ್ ಸೂಟಿನ ಜೇಬಿನ ಮೇಲೆ ಹೆತ್ತೂರ್. ಫಿಲಿಪೈನ್ಸ್ ಹುಡುಗರು ಗುಡ್ ಮಾರ್ನಿಂಗ್ ಹೆತ್ತೂರ್ ಅನ್ನುವಾಗ ನಮ್ಮೂರಿನ ಬಸ್ ಸ್ಟ್ಯಾಂಡಿಗೆ ನಮಸ್ಕಾರ ಹೇಳಿದಂತೆ ಕೇಳಿಸುತ್ತಿತ್ತು. ಮೂವತ್ತೊಂದು ವರ್ಷ ನಾನು ದುಡಿದೆ, ಹೆಸರು ಊರಿಗೆ ಹೋಯಿತು.

ತಮಾಷೆ ಬಿಟ್ಟು ಹೇಳುವುದಾದರೆ, ಹೆಸರು ಯಾವುದಾದರೂ ಆಗಲಿ, ಎಲ್ಲ ಕಡೆ ಒಂದೇ ಇರಬೇಕು. ಈ ಹೊಸ ಕಾರ್ಡು ಇ-ಪಾಸ್‌ಪೋರ್ಟಿನ ಮಾದರಿಯದು. ಕಾರ್ಡಿನ ಮೇಲೆ ಯಂತ್ರ ಓದುವ ಸಾಲುಗಳಿರುತ್ತವೆ. ಪಾಸ್‌ಪೋರ್ಟಿನ ಕೆಳಗೆ ಬಾಣದ ತಲೆಯಂಥ ಗುರುತುಗಳ ನಡುವೆ ಹೆಸರು ಇರುತ್ತಲ್ಲ, ಆ ಥರ. ಒಂದರಲ್ಲಿ ರಂಗಸ್ವಾಮಿ, ಇನ್ನೊಂದರಲ್ಲಿ ಹಾರನಹಳ್ಳಿ ಕೆಂಪೇಗೌಡ ರಂಗಸ್ವಾಮಿ ಅಂತಿದ್ದರೆ ಯಂತ್ರಕ್ಕೆ ಅವರು ಇಬ್ಬರು. ಎಚ್ ಅಂದರೆ ಹಾರನಹಳ್ಳಿ ಅಂತ ರಾಟರ್‌ಡ್ಯಾಮಿನಲ್ಲಿ ಯಾರಿಗೆ ಗೊತ್ತು?

ಅದಕ್ಕೆ ಕೆಳಗಿನಿಂದ ಮೇಲಕ್ಕೆ ಸರಿ ಮಾಡಿಕೊಂಡು ಬನ್ನಿ. ಮೊದಲು ಆಧಾರ್, ಆಮೇಲೆ ಪಾಸ್‌ಪೋರ್ಟ್. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇಂಡೋಸ್, ಹಾಗೇ ಸಿಡಿಸಿ. ಬಿಎಸ್‌ಐಡಿ ಸಿಡಿಸಿಯ ಬೆನ್ನು ಹಿಡಿದು ಬರುವಂಥದ್ದು, ಸಿಡಿಸಿಯಲ್ಲಿ ತಪ್ಪಿದ್ದರೆ ಅದೇ ತಪ್ಪು ಕಾರ್ಡಿಗೂ ಇಳಿಯುತ್ತದೆ. ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. 2022ರ ಕೊನೆಯಲ್ಲಿ ಯುಎಇಗೆ ಟೂರಿಸ್ಟ್ ವೀಸಾದಲ್ಲಿ ಹೋಗುವವರಿಗೆ ಒಂದೇ ಹೆಸರಿನ ಪಾಸ್‌ಪೋರ್ಟ್ ನಡೆಯುವುದಿಲ್ಲ ಅಂದಾಗ ಎಷ್ಟು ಜನ ಪರದಾಡಿದರು ನೆನಪಿದೆಯಲ್ಲ. ನಿಮ್ಮದು ಟೂರಿಸ್ಟ್ ವೀಸಾ ಅಲ್ಲ, ನಿಜ. ಆದರೂ ಏಕೆ ಬೇಕು ಆ ತಾಪತ್ರಯ?

ಊರ ಹೆಸರೋ ಅಪ್ಪನ ಹೆಸರೋ ಎಂದು ಕೇಳಿದರೆ, ಅಪ್ಪನ ಹೆಸರು ಹಾಕಿ. ನನ್ನ ಥರ ಊರು ಹೊತ್ತುಕೊಂಡು ತಿರುಗಬೇಡಿ.

ಪ್ರ: ಈ ಕಾರ್ಡು ಇದ್ದರೆ ಅಮೆರಿಕಕ್ಕೂ ವೀಸಾ ಬೇಡವಂತೆ, ಹೌದಾ?
— ಬೇಲೂರಿನಿಂದ ಇಬ್ಬರು ಸ್ನೇಹಿತರು

ಉ: ಇಲ್ಲ. ಅಮೆರಿಕ 185ನೇ ಒಪ್ಪಂದಕ್ಕೆ ಸೇರಿಲ್ಲ. ಅಲ್ಲಿಗೆ ಹೋಗುವ ಹಡಗಿನವರಿಗೆ ಸಿ1/ಡಿ ವೀಸಾ ಬೇಕು. ರಷ್ಯಾ, ಫಿಲಿಪೈನ್ಸ್, ಇಂಡೋನೇಷ್ಯಾ ಸೇರಿವೆ.

ಸೇರಿದ ದೇಶದಲ್ಲೂ ಕಾರ್ಡು ಪಾಸ್‌ಪೋರ್ಟ್ ಆಗುವುದಿಲ್ಲ. ಇದು ಪಾಸ್‌ಪೋರ್ಟ್ ಅಲ್ಲ, ತನ್ನಷ್ಟಕ್ಕೆ ತಾನೇ ಒಂದು ದಾಖಲೆ ಎಂದು ಕಾರ್ಡಿನ ಮೇಲೇ ಅಚ್ಚು ಹಾಕಬೇಕು ಎಂದು ಒಪ್ಪಂದ ಹೇಳುತ್ತದೆ. ಹಡಗು ಬಂದರಿನಲ್ಲಿರುವಾಗ ಸುಮ್ನೆ ದಡಕ್ಕಿಳಿದು ಬರುವುದಕ್ಕೆ, ಅಂದರೆ ಶೋರ್ ಲೀವ್‌ಗೆ, ಇದೊಂದೇ ಸಾಕು. ವಿಮಾನದಲ್ಲಿ ಹೋಗಿ ಹಡಗು ಹತ್ತಬೇಕಾದರೆ, ಇಳಿದು ಊರಿಗೆ ಬರಬೇಕಾದರೆ ಇದರ ಜೊತೆ ಪಾಸ್‌ಪೋರ್ಟ್ ಇರಲೇಬೇಕು.

ಪ್ರ: ನಿವೃತ್ತ ಮುಖ್ಯೋಪಾಧ್ಯಾಯ ನಾನು. ನನ್ನ ಮೊಮ್ಮಗ ಹಡಗಿನಲ್ಲಿದ್ದಾನೆ. ಆ ಚಿಪ್ಪಿನೊಳಗೆ ಏನೇನು ತುಂಬಿರುತ್ತಾರೆ? ಕಾಯಿಲೆ ಕಸಾಲೆ, ಬ್ಯಾಂಕ್ ಲೆಕ್ಕ ಎಲ್ಲವನ್ನೂ ಹೊರದೇಶದವರು ನೋಡುತ್ತಾರೆಯೆ? ಬೆರಳಚ್ಚು ಕೊಟ್ಟುಬಿಟ್ಟರೆ ಮುಂದೆ ಏನು ಗತಿ?
— ಚಿಕ್ಕಮಗಳೂರು

ಉ: ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಹಡಗಿನಲ್ಲಿರುವ ಹುಡುಗರು ಯಾರೂ ಇದನ್ನು ಕೇಳಲಿಲ್ಲ.

ಕಾರ್ಡಿನಲ್ಲಿ ಏನಿರಬೇಕು ಎಂದು ಒಪ್ಪಂದವೇ ಪಟ್ಟಿ ಕೊಟ್ಟಿದೆ. ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಗಂಡೋ ಹೆಣ್ಣೋ, ಯಾವ ದೇಶ, ಮೈಮೇಲೆ ಗುರುತು ಇದ್ದರೆ ಅದು, ಫೋಟೋ, ಸಹಿ. ಇವುಗಳ ಜೊತೆಗೆ ಕಾರ್ಡು ಕೊಟ್ಟವರು ಯಾರು, ಯಾವತ್ತು, ಎಲ್ಲಿವರೆಗೆ ನಡೆಯುತ್ತದೆ, ಅದರ ನಂಬರು. ಹತ್ತು ವರ್ಷಕ್ಕಿಂತ ಜಾಸ್ತಿ ಅವಧಿ ಕೊಡುವ ಹಾಗಿಲ್ಲ. ಕಾಯಿಲೆಯ ಸುದ್ದಿ ಇಲ್ಲ, ಬ್ಯಾಂಕಿನದ್ದೂ ಇಲ್ಲ. ಕಣ್ಣಿಗೆ ಕಾಣದಂತೆ ಚಿಪ್ಪಿನೊಳಗೆ ಇಟ್ಟಿದ್ದನ್ನು ನಿಮ್ಮ ಮೊಮ್ಮಗ ನೋಡಬೇಕೆಂದರೆ ತೋರಿಸುವ ಯಂತ್ರದ ಅನುಕೂಲವನ್ನೂ ಮಾಡಿಕೊಡಬೇಕು.

ಕಾರ್ಡಿನ ಹಿಂದೆ ಪ್ರತಿ ದೇಶವೂ ಒಂದು ದಾಖಲೆ ಪಟ್ಟಿ ಇಟ್ಟಿರುತ್ತದೆ. ಇನ್ನೊಂದು ದೇಶದ ಬಂದರಿನವರಿಗೆ ಅನುಮಾನ ಬಂದರೆ ಕಾರ್ಡು ಅಸಲಿಯೇ ಎಂದು ಕೇಳಬಹುದು. ದಿನದ ಇಪ್ಪತ್ತನಾಲ್ಕು ಗಂಟೆಯೂ ಉತ್ತರ ಕೊಡುವವರು ಇರಬೇಕು, ಯಾಕೆಂದರೆ ಚಿಲಿಯಲ್ಲಿ ಮಧ್ಯಾಹ್ನವಾದಾಗ ನಮ್ಮಲ್ಲಿ ರಾತ್ರಿ. ನನಗೆ ಇದರಲ್ಲಿ ಇಷ್ಟವಾದ ಒಂದು ಸಂಗತಿ ಇದೆ. ನಮ್ಮ ಕಾರ್ಡಿನ ಬಗ್ಗೆ ಯಾರಾದರೂ ವಿಚಾರಿಸಿದರೆ ಆ ವಿಚಾರಣೆಯೂ ಅದೇ ಪಟ್ಟಿಯಲ್ಲಿ ದಾಖಲಾಗಬೇಕು. ನಮ್ಮನ್ನು ನೋಡಿದವರ ಗುರುತೂ ಉಳಿಯುತ್ತದೆ ಅಂದ ಹಾಗಾಯಿತು.

ಬೆರಳಿನ ಕಥೆ ಬೇರೆ. 2003ರ ಮೂಲ ಒಪ್ಪಂದದಲ್ಲಿ ಇದ್ದದ್ದು ಬೆರಳಚ್ಚೇ. ಎರಡು ಬೆರಳಿನ ಗುರುತನ್ನು ಅಂಕಿಗಳಾಗಿ ಮಾಡಿ ಕಾರ್ಡಿನ ಮೇಲೆ ಬಾರ್‌ಕೋಡ್ ಹಾಕುವುದು ಎಂದಿತ್ತು. ಅಷ್ಟರಲ್ಲಿ ವಿಮಾನ ನಿಲ್ದಾಣಗಳು, ಗಡಿ ಠಾಣೆಗಳು ಎಲ್ಲ ಇ-ಪಾಸ್‌ಪೋರ್ಟ್ ಕಡೆ ಹೋದವು. ಅಲ್ಲಿ ಚಿಪ್ಪು, ಚಿಪ್ಪಿನಲ್ಲಿ ಮುಖ. ಹಡಗಿನವರ ಬಾರ್‌ಕೋಡ್ ಓದುವುದಕ್ಕೆ ಅಂತ ಬೇರೆ ಯಂತ್ರ ಯಾರು ಇಡುತ್ತಾರೆ? ಬಹಳ ದೇಶಗಳು ಸೇರದೆ ದೂರ ನಿಂತವು. ಕೊನೆಗೆ 2016ರಲ್ಲಿ ತಿದ್ದುಪಡಿ ಮಾಡಿ ಬೆರಳಚ್ಚು ಕೈಬಿಟ್ಟು ಮುಖಕ್ಕೆ ಬಂದರು. 2017ರ ಜೂನ್‌ನಿಂದ ಅದು ಜಾರಿ. ನಮ್ಮ ಕಾರ್ಡಿನಲ್ಲಿರುವುದು ಈ ಹೊಸ ಪದ್ಧತಿ.

ಅವರು ಬೆರಳು ಬಿಟ್ಟಿದ್ದು ಯಂತ್ರದ ಕಾರಣಕ್ಕೆ. ನನ್ನನ್ನು ಕೇಳಿದ್ದರೆ ಬೇರೆ ಕಾರಣ ಹೇಳುತ್ತಿದ್ದೆ. ಡೆಕ್ಕಿನವನ ಕೆಲಸ ಏನು? ಬೆಳಗಿನಿಂದ ಸಂಜೆವರೆಗೆ ಚಿಪ್ಪಿಂಗ್ ಹ್ಯಾಮರ್ ಹಿಡಿದು ತುಕ್ಕು ಕೆರೆಯುವುದು, ಪೇಂಟ್ ಬಳಿಯುವುದು, ಥಿನ್ನರ್‌ನಲ್ಲಿ ಕೈ ತೊಳೆಯುವುದು. ಬಂದರು ಬಂದರೆ ತೋಳಿನಷ್ಟು ದಪ್ಪದ ಮೂರಿಂಗ್ ಹಗ್ಗ ಎಳೆಯುವುದು. ನನ್ನ ಬಲಗೈ ಹೆಬ್ಬೆಟ್ಟಿನ ಮೇಲೆ ಈಗ ಗೆರೆಗಳೇ ಇಲ್ಲ, ಹಳೇ ರುಬ್ಬುಗುಂಡಿನ ಥರ ನುಣ್ಣಗಾಗಿದೆ. ಊರಿಗೆ ಬಂದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದೆ, ಕೆಂಪು ದೀಪ. ಒರೆಸಿ ಒತ್ತಿದೆ, ಕೆಂಪು. ತೆಂಗಿನೆಣ್ಣೆ ಸವರಿ ಒತ್ತಿ ಅಂದರು, ಅದೂ ಆಯಿತು. ಕೊನೆಗೆ ನನ್ನ ಹೆಂಡತಿ ಬಂದು ಬೆರಳಿಟ್ಟಳು, ಒಂದೇ ಸಲಕ್ಕೆ ಹಸಿರು. ಲೋಕದ ಬಂದರುಗಳಲ್ಲೆಲ್ಲ ತಿರುಗಿ ಬಂದವನಿಗೆ ಸ್ವಂತ ಊರಿನಲ್ಲಿ ಅಕ್ಕಿ ಸಿಕ್ಕಿದ್ದು ಹೆಂಡತಿಯ ಗುರುತಿನ ಮೇಲೆ.

ಪ್ರ: ಅಣ್ಣ, ನಾನು ಹಾಸನದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಕ್ರೂಸ್ ಹಡಗಿನಲ್ಲಿ ವೇಟರ್ ಕೆಲಸಕ್ಕೆ ಹೋಗಬೇಕು ಅಂತಿದ್ದೇನೆ. ನಾನು ನಾವಿಕ ಅಲ್ಲವಲ್ಲ, ನನಗೂ ಇದೆಲ್ಲ ಬೇಕಾ? ನನ್ನ ದೊಡ್ಡಪ್ಪನ ಮಗ ಮಲ್ಪೆಯಲ್ಲಿ ಮೀನಿನ ಬೋಟಿಗೆ ಹೋಗುತ್ತಾನೆ, ಅವನಿಗೆ?

ಉ: ಒಪ್ಪಂದದ ಲೆಕ್ಕದಲ್ಲಿ ಹಡಗಿನಲ್ಲಿ ಯಾವುದೇ ಕೆಲಸ ಮಾಡುವವನೂ ಸೀಫೇರರ್ರೇ. ಇಂಜಿನ್ ನೋಡುವವನು, ಸಾರು ಬಡಿಸುವವನು, ಹಾಸಿಗೆ ಹಾಸುವವಳು, ಎಲ್ಲರೂ. ಯುದ್ಧ ಹಡಗು ಮಾತ್ರ ಇದರೊಳಗಿಲ್ಲ. ನಿಮಗೂ ಇಂಡೋಸ್, ಬೇಸಿಕ್ ಸೇಫ್ಟಿ ಕೋರ್ಸುಗಳು, ಸಿಡಿಸಿ ಆದ ಮೇಲೆ ಈ ಕಾರ್ಡು. ಬೆಂಕಿ ಆರಿಸುವುದನ್ನು ಕಲಿಯದೆ ವೇಟರ್ ಕೂಡ ಹಡಗು ಹತ್ತುವ ಹಾಗಿಲ್ಲ.

ಮೀನಿನ ಬೋಟಿನದು ಬೇರೆ ದಾರಿ. ಒಪ್ಪಂದ ಮೀನುಗಾರರಿಗೆ ತಾನಾಗಿ ಅನ್ವಯಿಸುವುದಿಲ್ಲ, ಆಯಾ ದೇಶ ಬೇಕೆಂದರೆ ಸೇರಿಸಬಹುದು. 2008ರ ಮುಂಬಯಿ ದಾಳಿ ಆದ ಮೇಲೆ ನಮ್ಮಲ್ಲಿ ಕಡಲ ಮೀನುಗಾರರಿಗೆ ಅವರದ್ದೇ ಬಯೋಮೆಟ್ರಿಕ್ ಕಾರ್ಡು ಬಂದಿದೆ. ನಿಮ್ಮ ಅಣ್ಣ ವಿಚಾರಿಸಬೇಕಾದ್ದು ಮೀನುಗಾರಿಕೆ ಇಲಾಖೆಯಲ್ಲಿ.

ಪ್ರ: ಕಾರ್ಡು ಇದ್ದರೂ ದಡಕ್ಕೆ ಬಿಡಲಿಲ್ಲ ಎಂದು ನನ್ನ ತಮ್ಮ ಫೋನಿನಲ್ಲಿ ಬೇಜಾರು ಮಾಡಿಕೊಂಡ. ಹಾಗಾದರೆ ಕಾರ್ಡಿನಿಂದ ಏನು ಪ್ರಯೋಜನ? ನಾಲ್ಕು ಗಂಟೆ ಇಳಿಯುವುದು ಅಷ್ಟು ದೊಡ್ಡ ವಿಷಯವಾ?
— ಒಬ್ಬ ಅಕ್ಕ, ಮೂಡಿಗೆರೆ

ಉ: ದೊಡ್ಡ ವಿಷಯ, ಅಕ್ಕಾ. ಬಹಳ ದೊಡ್ಡದು.

2004ರ ಮಾತು. ಆಗ ಇದೆಲ್ಲ ಇರಲಿಲ್ಲ. ಹದಿನೇಳು ದಿನ ನೀರು ಮಾತ್ರ ನೋಡಿಕೊಂಡು ಒಂದು ಬಂದರಿಗೆ ಬಂದೆವು. ಯಾವುದು ಅಂತ ಹೇಳುವುದಿಲ್ಲ. ನನ್ನ ಹೆಂಡತಿಗೆ ದಿನ ತುಂಬಿತ್ತು. ಹಡಗಿನಿಂದ ದಡಕ್ಕಿಳಿಯುವ ಗ್ಯಾಂಗ್‌ವೇ ಮೆಟ್ಟಿಲ ಕೆಳಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಗೋದಾಮಿನ ಗೋಡೆಗೆ ನೀಲಿ ಬಣ್ಣದ ಫೋನ್ ಡಬ್ಬ. ಜೇಬಿನಲ್ಲಿ ಫೋನ್ ಕಾರ್ಡು ಇತ್ತು. ಗ್ಯಾಂಗ್‌ವೇ ತುದಿಯಲ್ಲಿ ಬಂದೂಕು ಹಿಡಿದ ಕಾವಲುಗಾರ. ವೀಸಾ ಇಲ್ಲ, ಕಾಲು ಕೆಳಗಿಡಬೇಡ ಅಂದ. ಫೋನ್ ತೋರಿಸಿದೆ. ಅವನೂ ಫೋನ್ ನೋಡಿದ, ನನ್ನನ್ನೂ ನೋಡಿದ, ತಲೆ ಅಲ್ಲಾಡಿಸಿದ. ಕೆಟ್ಟವನಲ್ಲ, ಆಮೇಲೆ ಒಂದು ಸಿಗರೇಟು ಕೊಟ್ಟ. ಮೂರು ದಿನ ಸರಕು ಇಳಿಸಿದೆವು. ಮೂರು ದಿನವೂ ಆ ನೀಲಿ ಡಬ್ಬ ಕಾಣುತ್ತಲೇ ಇತ್ತು. ಆಗ ಊರಿನಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ಕಾಲ. ವರ್ಷಪೂರ್ತಿ ಬಾಗಿಲು ಮುಚ್ಚಿಕೊಂಡಿರುವ ನಮ್ಮಮ್ಮನೇ ನಾಲ್ಕು ದಿನ ತೆಗೆಯುತ್ತಾಳೆ, ಇವರದ್ದೇನಪ್ಪ ಅಂತ ರೇಲಿಂಗ್ ಹಿಡಿದು ನಿಂತಿದ್ದೆ. ಮಗಳು ಹುಟ್ಟಿದ ಸುದ್ದಿ ನನಗೆ ಸಿಕ್ಕಿದ್ದು ಮುಂದಿನ ಬಂದರಿನಲ್ಲಿ. ಅವಳಿಗೆ ಆಗ ಹನ್ನೆರಡು ದಿನ.

ಅದಕ್ಕೇ ಈ ಒಪ್ಪಂದದ 6ನೇ ಕಲಮು ನನಗೆ ಬಾಯಿಪಾಠ. ಕಾರ್ಡು ಇರುವವನನ್ನು ಆದಷ್ಟು ಬೇಗ ಪರಿಶೀಲಿಸಿ ದಡಕ್ಕೆ ಬಿಡಬೇಕು, ಶೋರ್ ಲೀವ್‌ಗೆ ವೀಸಾ ಕೇಳಬಾರದು ಎನ್ನುತ್ತದೆ ಅದು. ಆದರೆ ಅದೇ ಕಲಮಿನಲ್ಲಿ ಒಂದು ಕಿಂಡಿಯೂ ಇದೆ. ಸಾರ್ವಜನಿಕ ಆರೋಗ್ಯ, ಸುರಕ್ಷತೆ, ಶಾಂತಿ, ದೇಶದ ಭದ್ರತೆ ಎಂಬ ಕಾರಣ ಕೊಟ್ಟು ಬೇಡ ಅನ್ನಬಹುದು. ಕೊರೊನಾ ಕಾಲದಲ್ಲಿ ಲೋಕವೆಲ್ಲ ಆ ಕಿಂಡಿಯಲ್ಲೇ ನಿಂತುಬಿಟ್ಟಿತು. 2020ರ ಕೊನೆಯ ಹೊತ್ತಿಗೆ ಸುಮಾರು ನಾಲ್ಕು ಲಕ್ಷ ಜನ ಕಾಂಟ್ರಾಕ್ಟ್ ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಇದ್ದರು. ನಾನೂ ಅದರಲ್ಲಿ ಒಬ್ಬ. ಒಂಬತ್ತು ತಿಂಗಳಿಗೆ ಹೋದವನು ಹದಿಮೂರು ತಿಂಗಳಿಗೆ ಇಳಿದೆ.

ನಿಮ್ಮ ತಮ್ಮನ ವಿಷಯದಲ್ಲಿ ಎರಡು ಮೂರು ಸಾಧ್ಯತೆ. ಆ ದೇಶ ಒಪ್ಪಂದಕ್ಕೆ ಸೇರಿಲ್ಲದೆ ಇರಬಹುದು, ಸೇರದ ದೇಶದಲ್ಲಿ ಅಲ್ಲಿನ ಕಾನೂನೇ ಕೊನೆ ಮಾತು. ಇಲ್ಲವೇ ಬಂದರಿನ ಏಜೆಂಟ್ ಕಾಗದಪತ್ರ ಸರಿಯಾಗಿ ಒಪ್ಪಿಸದೆ ಇರಬಹುದು. ಅಥವಾ, ಹೇಳಬಾರದು, ಹಡಗಿನಲ್ಲೇ ಕೆಲಸ ಜಾಸ್ತಿ ಎಂದು ಬಿಡದೆ ತಪ್ಪನ್ನು ಬಂದರಿನ ಮೇಲೆ ಹಾಕಿರಬಹುದು. ಇದನ್ನು ನಾನೂ ಬೋಸನ್ ಆಗಿದ್ದಾಗ ಒಂದೆರಡು ಸಲ ಮಾಡಿದ್ದೇನೆ. ಬೇಡ ಅಂದವರು ಯಾರು, ಏನು ಕಾರಣ ಕೊಟ್ಟರು ಎಂದು ಮಾಸ್ಟರ್ ಹತ್ತ್ರ ಕೇಳಿ ಬರೆದಿಟ್ಟುಕೊಳ್ಳಲಿ. ಯೂನಿಯನ್ ಇದ್ದರೆ ಅವರಿಗೂ ತಿಳಿಸಲಿ.

ಪ್ರ: ಕಾರ್ಡು ಕಳೆದುಹೋದರೆ?
— ಕಡೂರು

ಉ: ಹಡಗಿನಲ್ಲಿದ್ದರೆ ಮೊದಲು ಮಾಸ್ಟರ್‌ಗೆ ಬರೆದು ಕೊಡಿ. ಊರಲ್ಲಿದ್ದರೆ ಪೊಲೀಸರಿಗೆ ದೂರು. ಆಮೇಲೆ ಡಿಜಿ ಶಿಪ್ಪಿಂಗ್‌ಗೆ ತಿಳಿಸಿ. ಕಳೆದ ಕಾರ್ಡು ನಡೆಯುವುದಿಲ್ಲ ಎಂದು ಆ ದಾಖಲೆ ಪಟ್ಟಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಸಿಕ್ಕಿದವನ ಕೈಯಲ್ಲಿ ಅದು ಬದುಕಿರುತ್ತದೆ.

ಪಾಸ್‌ಪೋರ್ಟ್, ಸಿಡಿಸಿ, ಕಾರ್ಡು ಮೂರರದ್ದೂ ಫೋಟೋ ತೆಗೆದು ಮನೆಯವರ ಫೋನಿಗೆ ಕಳಿಸಿಡಿ. ಬಾಯ್ಲರ್ ಸೂಟಿನ ಜೇಬಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ನನ್ನ ಮೊದಲ ಸಿಡಿಸಿ ಹಾಗೇ ಹಡಗಿನ ವಾಷಿಂಗ್ ಮೆಷಿನ್‌ಗೆ ಹೋಯಿತು. ಹೊರಗೆ ಬಂದಾಗ ಸೀಲುಗಳೆಲ್ಲ ಕದಡಿ ಹಾಳೆಯೆಲ್ಲ ನೇರಳೆ ಬಣ್ಣ, ಮಾಸ್ಟರ್ ಸಹಿ ಇದ್ದ ಜಾಗದಲ್ಲಿ ನನ್ನ ಸಾಕ್ಸಿನ ನೂಲು ಅಂಟಿಕೊಂಡಿತ್ತು.